ಎಂಟು ಕಾಲಿನ ಬೀಗದ ಕೈ

ಪ್ರತಿ ಮನೆಯ ಅಟ್ಟದ ಮೇಲೂ ಕೆಲಸಕ್ಕೆ ಬಾರದ, ಆದರೆ ಎಸೆಯಲೂ ಮನಸ್ಸು ಬಾರದ ಒಂದು ಯಂತ್ರ ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ವಾಲ್ವ್ ರೇಡಿಯೊ, ಕೆಲವರಲ್ಲಿ ಟೇಪ್ ರೆಕಾರ್ಡರ್, ಇನ್ನು ಕೆಲವರಲ್ಲಿ ಗುಬ್ಬಿ ಗೂಡು ಕಟ್ಟಿದ ವಿ.ಸಿ.ಆರ್. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬನ ಮನೆಯಲ್ಲಿ ಅದು ಬೂದು ಬಣ್ಣದ ಒಂದು ವಿಡಿಯೊ ಗೇಮ್ ಪೆಟ್ಟಿಗೆ. ಹೆಸರು ಪ್ಲೇಸ್ಟೇಷನ್. ಜಪಾನಿನಲ್ಲಿ 1994ರ ಡಿಸೆಂಬರಿನಲ್ಲಿ ಹುಟ್ಟಿ, ಮುಂದೆ ಪ್ರಪಂಚದಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾದ ಸೋನಿ ಕಂಪೆನಿಯ ಮೊದಲ ಗೇಮ್ ಯಂತ್ರ ಅದು.

ಈ ಪೆಟ್ಟಿಗೆಯನ್ನು 2000ದಲ್ಲಿ ಹುಡುಗನ ಸೋದರಮಾವ ಅಮೆರಿಕದಿಂದ ಬರುವಾಗ, ಆಗ ಚಿಕ್ಕವಳಾಗಿದ್ದ ಅವನ ಅಕ್ಕನಿಗೆಂದು ತಂದಿದ್ದರು. ಡಿಸ್ಕುಗಳನ್ನು ತಂದದ್ದು ದುಬೈಯಲ್ಲಿ ಕೆಲಸದಲ್ಲಿದ್ದ ಅವನ ಚಿಕ್ಕಪ್ಪ. ಒಟ್ಟು ಐದು, ಎಲ್ಲವೂ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಂಡವು. ಮಾವ, ಚಿಕ್ಕಪ್ಪ ಇಬ್ಬರೂ ಇಂದಿಗೂ ಅನ್ಯೋನ್ಯವಾಗಿದ್ದಾರೆ. ಅವರು ತಂದ ಸಾಮಾನುಗಳಿಗೆ ಮಾತ್ರ ಒಂದಕ್ಕೊಂದು ಆಗಿಬರಲಿಲ್ಲ. ಯಾವ ಡಿಸ್ಕ್ ಹಾಕಿದರೂ 'ದಯವಿಟ್ಟು ಪ್ಲೇಸ್ಟೇಷನ್ ಡಿಸ್ಕ್ ಹಾಕಿ' ಎಂಬರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ಮೂಡುತ್ತಿತ್ತು. ಹಾಕಿರುವುದು ಅದನ್ನೇ! ಹೀಗೆ ಪೆಟ್ಟಿಗೆ ಅಟ್ಟ ಸೇರಿ ಇಪ್ಪತ್ತಮೂರು ವರ್ಷ ಅಲ್ಲೇ ಉಳಿಯಿತು.

2023ರ ಜುಲೈ ತಿಂಗಳ ಒಂದು ಸಂಜೆ ಹುಡುಗ ಅದನ್ನು ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದ. 'ಸಾರ್, ಇದಕ್ಕೊಂದು ಚಿಪ್ ಹಾಕಿದ್ರೆ ಎಲ್ಲಾ ದೇಶದ ಡಿಸ್ಕೂ ಓದುತ್ತಂತೆ. ಬೆಸುಗೆ ಹಾಕೋದು ಹೇಳಿಕೊಡ್ತೀರಾ?' ಎಂದ. ಮೂರು ದಶಕ ವಿಜ್ಞಾನ ಪಾಠ ಮಾಡಿದ ನನ್ನ ಬಳಿ ಮಕ್ಕಳು ನೋಟ್ಸ್ ಕೇಳಿದ್ದಾರೆ, 'ಇಂಪಾರ್ಟೆಂಟ್ ಕ್ವೆಶ್ಚನ್' ಕೇಳಿದ್ದಾರೆ. ಬೆಸುಗೆ ಕಲಿಸಿ ಎಂದು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ರಾತ್ರಿ ಪೆಟ್ಟಿಗೆಯಲ್ಲಿ ಮಲಗಿದ್ದ ನನ್ನ ಹಳೆಯ ಸೋಲ್ಡರಿಂಗ್ ಕಡ್ಡಿಯ ಮೊನೆಯನ್ನು ಒರೆಸಿಟ್ಟೆ.

ಮರುದಿನ ಹುಡುಗನ ತಂದೆ ಬಂದರು. ಅವರದು ಪೇಟೆಬೀದಿಯಲ್ಲೊಂದು ಹಿಟ್ಟಿನ ಗಿರಣಿ. ಸಂಜೆ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಸುತ್ತಿನ ಹಳ್ಳಿಗಳಲ್ಲಿ ಅವರ ಭಜನೆಗೆ ಹೆಸರಿದೆ. ಬೆಂಚಿನ ಮೇಲೆ ಕೂತವರು ಪೀಠಿಕೆಯಿಲ್ಲದೆ ಶುರು ಮಾಡಿದರು. 1997ರಲ್ಲಿ ಹೆಂಡತಿಯ ಬಳೆ ಅಡವಿಟ್ಟು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹಾಡಿ ಸಾವಿರ ಕ್ಯಾಸೆಟ್ ಮಾಡಿಸಿದ್ದರಂತೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಜಾತ್ರೆಯಲ್ಲಿ ಅದೇ ಕ್ಯಾಸೆಟ್ಟು, ಜೆರಾಕ್ಸ್ ಮಾಡಿದ ಹೊದಿಕೆಯೊಳಗೆ, ಅರ್ಧ ಬೆಲೆಗೆ ಬಿಕರಿಯಾಗುತ್ತಿತ್ತು. ಇವರ ಕ್ಯಾಸೆಟ್ಟುಗಳನ್ನು ಅಂಗಡಿಯವರು ಕಟ್ಟು ಕಟ್ಟಿ ವಾಪಸು ಕೊಟ್ಟರು.

'ನನ್ನ ದನಿ ನನಗಿಂತ ಅಗ್ಗಕ್ಕೆ ಮಾರಾಟ ಆಗ್ತಿತ್ತು ಮೇಷ್ಟ್ರೇ. ಬಳೆ ಬಿಡಿಸ್ಕೊಳ್ಳೋಕೆ ಆರು ವರ್ಷ ಆಯ್ತು. ಈ ಚಿಪ್ಪು ಅನ್ನೋದು ಕದ್ದ ಡಿಸ್ಕು ಓಡಿಸೋಕೆ ಅಂತ್ಲೇ ಮಾಡಿದ್ದು ಅಂತ ಅವನ ಫೋನೇ ಹೇಳ್ತದೆ. ನನ್ನ ಮನೇಲಿ ಅದು ಬೇಡ. ನೀವಾದ್ರೂ ಅವನಿಗೆ ಬುದ್ಧಿ ಹೇಳಿ.'

ಮಕ್ಕಳ ಹವ್ಯಾಸಕ್ಕೆ ಅಡ್ಡ ಬರುವ ತಂದೆತಾಯಿಗಳಿಗೆ ಹೇಳಲು ನನ್ನ ಬಳಿ ಒಂದು ಸಿದ್ಧ ಭಾಷಣವಿದೆ. ಈ ಮನುಷ್ಯನ ಮುಂದೆ ಅದು ಬಾಯಿಗೆ ಬರಲಿಲ್ಲ. ಅವರು ಕೇಳುತ್ತಿದ್ದುದು ಅಂಕಪಟ್ಟಿಯ ಪ್ರಶ್ನೆಯಾಗಿರಲಿಲ್ಲ, ಮನೆಯ ನಿಯತ್ತಿನ ಪ್ರಶ್ನೆಯಾಗಿತ್ತು. 'ಒಂದು ವಾರ ಕೊಡಿ. ಅಲ್ಲಿಯವರೆಗೆ ಅವನನ್ನು ಬೈಯಬೇಡಿ' ಎಂದಷ್ಟೇ ಹೇಳಿ ಕಳಿಸಿದೆ.

ಆ ಬೀಗ ಹೇಗಿದೆ ಎಂದು ಮೊದಲು ನೋಡಬೇಕಲ್ಲವೆ? ಅದನ್ನು ಅರ್ಥ ಮಾಡಿಕೊಂಡ ಮೇಲೆ, ಮಾಡಿದವರ ಜಾಣ್ಮೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಸಿ.ಡಿ.ಯೊಳಗೆ ಮಾಹಿತಿ ಇರುವುದು ಒಂದೇ ಉದ್ದನೆಯ ಸುರುಳಿ ಹಾದಿಯಲ್ಲಿ. ಪಕ್ಕಪಕ್ಕದ ಎರಡು ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸುತ್ತು. ಅದನ್ನು ಓದುವುದು 780 ನ್ಯಾನೋಮೀಟರ್ ತರಂಗಾಂತರದ ಅವಗೆಂಪು ಲೇಸರ್. ಡಿಸ್ಕು ಗಿರಗಿರನೆ ತಿರುಗುವಾಗ ಲೇಸರಿನ ಮಸೂರ ಈ ಕೂದಲೆಳೆಗಿಂತ ಸಣ್ಣ ಹಾದಿಯನ್ನು ತಪ್ಪದೆ ಹಿಂಬಾಲಿಸಬೇಕು. ಅದಕ್ಕಾಗಿ ಒಂದು ಮಂಡಲ ಮಸೂರವನ್ನು ಕ್ಷಣಕ್ಷಣಕ್ಕೂ ಎಡಕ್ಕೆ ಬಲಕ್ಕೆ ಎಳೆಯುತ್ತಿರುತ್ತದೆ. ಗಾಡಿ ಜಾಡಿನಲ್ಲಿ ಎತ್ತು ತಾನೇ ಸರಿದು ನಡೆಯುತ್ತದಲ್ಲ, ಹಾಗೆ.

ಪ್ಲೇಸ್ಟೇಷನ್ ಡಿಸ್ಕುಗಳನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕುವಾಗ, ಸುರುಳಿಯ ಆರಂಭದಲ್ಲಿ, ಅಂದರೆ ನಡುವಿನ ರಂಧ್ರಕ್ಕೆ ಹತ್ತಿರದ ಸುತ್ತುಗಳಲ್ಲಿ ಹಾದಿಯನ್ನೇ ಬೇಕೆಂದು ಕೊಂಚ ತೂಗಾಡಿಸುತ್ತಿದ್ದರು. ಮಸೂರ ಆ ತೂಗಾಟವನ್ನು ಹಿಂಬಾಲಿಸುತ್ತದೆ. ಹಾಗೆ ಎಡಬಲಕ್ಕೆ ಓಲಾಡಿದ ಲೆಕ್ಕವನ್ನೇ ಯಂತ್ರ ಅಕ್ಷರಗಳಾಗಿ ಓದುತ್ತದೆ. ನಾಲ್ಕೇ ಅಕ್ಷರ. ಅವು ಕೇಳಿಸಿದರೆ ಆಟ ಶುರು, ಇಲ್ಲದಿದ್ದರೆ ಬಾಗಿಲು ಬಂದ್. ಮನೆಯಲ್ಲಿ ಸಿ.ಡಿ. ನಕಲು ಮಾಡುವ ಯಂತ್ರ ಹಾದಿಯಲ್ಲಿ ಬರೆದಿರುವುದನ್ನು ನಕಲು ಮಾಡಬಲ್ಲುದು, ಹಾದಿಯ ಓಲಾಟವನ್ನು ಮಾಡಲಾರದು. ಏಕೆಂದರೆ ಖಾಲಿ ಡಿಸ್ಕಿನಲ್ಲಿ ಹಾದಿ ಮೊದಲೇ ಕೊರೆದಿರುತ್ತದೆ. ಕಾಗದದ ಮೇಲಿನ ಪದ್ಯವನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು, ಬರೆದವನ ಕೈನಡುಕವನ್ನು ಪ್ರತಿ ಮಾಡುವುದು ಹೇಗೆ? (ಆ ಡಿಸ್ಕುಗಳ ತಳ ಕಪ್ಪಗಿರುತ್ತಿತ್ತು. ಗುಟ್ಟೆಲ್ಲ ಆ ಕಪ್ಪಿನಲ್ಲೇ ಇದೆ ಎಂದು ಬಹಳ ಜನ ನಂಬಿದ್ದರು. ಅವಗೆಂಪು ಬೆಳಕಿಗೆ ಆ ಕಪ್ಪು ಅಡ್ಡಿಯೇ ಅಲ್ಲ. ಅದು ಬರೀ ಅಲಂಕಾರ.)

ಇನ್ನು ನಮ್ಮ ಹುಡುಗನ ತೊಂದರೆಗೆ ಬರೋಣ. ನಾಲ್ಕು ಅಕ್ಷರಗಳಲ್ಲಿ ಮೊದಲ ಮೂರು ಎಲ್ಲೆಡೆಯೂ ಒಂದೇ: ಎಸ್, ಸಿ, ಇ. ಕೊನೆಯದು ಮಾತ್ರ ಜಪಾನಿನ ಡಿಸ್ಕಿಗೆ ಐ, ಅಮೆರಿಕದ್ದಕ್ಕೆ ಎ, ಯೂರೋಪಿನ ಬಗೆಯದಕ್ಕೆ ಇ. ದುಬೈಯಲ್ಲಿ ಕೊಂಡದ್ದು ಯೂರೋಪಿನ ಬಗೆಯದು. ಅಮೆರಿಕದ ಪೆಟ್ಟಿಗೆ ಎ ಕೇಳಲು ಕಿವಿ ನಿಮಿರಿಸಿ ಕೂತಿದೆ, ಡಿಸ್ಕು ಇ ಎನ್ನುತ್ತಿದೆ. ಅಂದರೆ ಈ ಬೀಗ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತಿತ್ತು. ನಕಲು ಮಾಡಿದವನನ್ನು ಹೊರಗಿಡುವುದು ಒಂದು. ದುಡ್ಡು ಕೊಟ್ಟು ಕೊಂಡು, ಆದರೆ 'ತಪ್ಪು' ದೇಶದಲ್ಲಿ ಕೊಂಡವನನ್ನೂ ಹೊರಗಿಡುವುದು ಇನ್ನೊಂದು. ಮೊದಲನೆಯದು ತತ್ವಪದದ ಕ್ಯಾಸೆಟ್ಟಿಗೆ ಕಾವಲು. ಎರಡನೆಯದು ಬರೀ ವ್ಯಾಪಾರದ ಸರಹದ್ದು. ನನ್ನ ಮಟ್ಟಿಗೆ ಇವೆರಡಕ್ಕೂ ಒಂದೇ ಗೌರವ ಸಲ್ಲಬೇಕಾಗಿಲ್ಲ.

ಈ ಬೀಗಕ್ಕೆ ತೊಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿದ ಬೀಗದ ಕೈಯೇ ಆ ಚಿಪ್ಪು. ಬಹುಪಾಲು ಅದು ಪಿಕ್ 12ಸಿ508 ಎಂಬ ಪುಟಾಣಿ ಮೈಕ್ರೋ ಕಂಟ್ರೋಲರ್ ಆಗಿರುತ್ತಿತ್ತು. ಎಂಟು ಕಾಲು, 512 ಆದೇಶ ಹಿಡಿಸುವಷ್ಟು ನೆನಪು, ಲೆಕ್ಕದ ಹಲಗೆಯಂತೆ ಬಳಸಲು ಬರೀ 25 ಬೈಟ್. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ. ಓಲಾಟದ ಸುದ್ದಿ ಬರುವ ತಂತಿಯನ್ನು ಅದುಮಿ ಹಿಡಿದು, ಆ ಜಾಗದಲ್ಲಿ ತಾನೇ ನಾಲ್ಕು ಅಕ್ಷರ ಉಸುರುತ್ತದೆ. ಒಟ್ಟು 44 ಬಿಟ್‌ಗಳು, ಒಂದೊಂದಕ್ಕೆ 4 ಮಿಲಿಸೆಕೆಂಡ್. ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಗುಟ್ಟಿನ ಮಾತು ಮುಗಿಯಿತು. ಬಾಗಿಲ ಬಳಿಯ ಕಾವಲುಗಾರ ಬಂದವನ ಮುಖ ನೋಡದೆ ಬರೀ ಸಂಕೇತದ ಮಾತು ಕೇಳುವವನಾದರೆ, ಪಕ್ಕದಲ್ಲಿ ನಿಂತು ಇನ್ಯಾರೋ ಅದನ್ನು ಹೇಳಿಬಿಟ್ಟ ಹಾಗೆ. ಆಮೇಲೆ ಒಳಗೆ ಹೋಗುವವನು ದುಬೈಯಿಂದ ಬಂದ ನೆಂಟನೋ, ಜಾತ್ರೆಯ ಕಳ್ಳನೋ, ಕಾವಲುಗಾರನಿಗೂ ತಿಳಿಯದು, ಚಿಪ್ಪಿಗೂ ತಿಳಿಯದು.

ಆಟ ತಯಾರಿಸುವವರು ಇದಕ್ಕೆ ಸುಮ್ಮನಿರಲಿಲ್ಲ. ಅಕ್ಷರಗಳು ಕೇಳಿಸಬಾರದ ಹೊತ್ತಿನಲ್ಲಿ ಕಿವಿಗೊಟ್ಟು, ಆಗಲೂ ಕೇಳಿಸಿದರೆ ಇಲ್ಲಿ ಚಿಪ್ಪಿದೆ ಎಂದು ಆಟ ನಿಲ್ಲಿಸುವ ಡಿಸ್ಕುಗಳು ಬಂದವು. ಹೇಳುವಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುವ ಚಿಪ್ಪುಗಳು ಅದರ ಬೆನ್ನಿಗೇ ಬಂದವು. ಬೆಂಗಳೂರಿನ ಗಾಂಧಿನಗರದ ಒಂದು ಮಳಿಗೆಯಲ್ಲಿ 1999ರಲ್ಲಿ ನಾನೇ ಕಂಡಂತೆ, ಪೆಟ್ಟಿಗೆ ಕೊಳ್ಳುವವರು ಬಾಯಿ ತೆರೆಯುವ ಮೊದಲೇ ಚಿಪ್ಪು ಹಾಕಿಯೇ ಕೊಡುತ್ತಿದ್ದರು. ಪಕ್ಕದಲ್ಲೇ ನಕಲಿ ಡಿಸ್ಕುಗಳ ರಾಶಿ. ಹುಡುಗನ ತಂದೆ ಹೇಳಿದ್ದು ಸುಳ್ಳಲ್ಲ.

ಕಾನೂನು ಏನೆನ್ನುತ್ತದೆ? ನನ್ನ ವಕೀಲ ಗೆಳೆಯರೊಬ್ಬರ ಮನೆಗೆ ಹೋಗಿ ಪುಸ್ತಕ ತೆಗೆಸಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ 65ಎ ಎಂಬ ಹೊಸ ಕಲಮು ಸೇರಿದೆ. ಕೃತಿಯ ಹಕ್ಕನ್ನು ಕಾಯಲು ಹಾಕಿದ ತಾಂತ್ರಿಕ ಬೀಗವನ್ನು, ಆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. 'ಉದ್ದೇಶದಿಂದ' ಎಂಬ ಮಾತನ್ನು ಗೆಳೆಯರು ಎರಡು ಸಲ ಓದಿದರು. ಕಾಯಿದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಅಡ್ಡಿಯಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಆದರೆ ಅಂಥ ಕೆಲಸದಲ್ಲಿ ಇನ್ನೊಬ್ಬರಿಗೆ ನೆರವಾಗುವವನು, ಯಾರಿಗೆ ನೆರವಾದೆ, ಅವರ ವಿಳಾಸವೇನು, ಯಾವ ಉದ್ದೇಶಕ್ಕೆ ಎಂಬುದನ್ನೆಲ್ಲ ಬರೆದಿಡಬೇಕಂತೆ.

ಇಲ್ಲಿಗಿಂತ ಮೊದಲೇ ಈ ಜಗಳ ಆಸ್ಟ್ರೇಲಿಯಾದಲ್ಲಿ ನಡೆದುಹೋಗಿತ್ತು. ಸಿಡ್ನಿಯಲ್ಲಿ ಪ್ಲೇಸ್ಟೇಷನ್‌ಗೆ ಚಿಪ್ಪು ಹಾಕಿಕೊಡುತ್ತಿದ್ದ ಸ್ಟೀವನ್ಸ್ ಎಂಬಾತನ ಮೇಲೆ ಸೋನಿ ದಾವೆ ಹೂಡಿತು. 2005ರ ಅಕ್ಟೋಬರಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಒಮ್ಮತದಿಂದ ಸ್ಟೀವನ್ಸ್ ಪರ ತೀರ್ಪು ಕೊಟ್ಟಿತು. ಈ ಬೀಗ ಡಿಸ್ಕನ್ನು ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದ ಮೇಲೆ ಆಡುವುದನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ಆಗಿನ ಕಾನೂನು ಹೇಳುವ 'ರಕ್ಷಣಾ ಕ್ರಮ' ಇದಲ್ಲ ಎಂಬುದು ತೀರ್ಪಿನ ತಿರುಳು. ಬೇರೆ ದೇಶದಲ್ಲಿ ನ್ಯಾಯವಾಗಿ ಕೊಂಡ ಡಿಸ್ಕನ್ನು ಆಡುವವನ ತೊಂದರೆಯೂ ಅಲ್ಲಿ ಚರ್ಚೆಗೆ ಬಂತು. ಮರುವರ್ಷವೇ ಆ ದೇಶದ ಸಂಸತ್ತು ಕಾನೂನನ್ನು ಬಿಗಿ ಮಾಡಿತು ಎನ್ನುವುದು ಬೇರೆ ಮಾತು.

ವಾರದ ಕೊನೆಗೆ ಗಿರಣಿಗೆ ಹೋಗಿ ಇಷ್ಟನ್ನೂ ಹೇಳಿದೆ. ಚಿಪ್ಪಿನಿಂದ ಕಳ್ಳತನ ಆಗಿಯೇ ಇಲ್ಲ ಎಂದು ಅವರನ್ನು ಒಪ್ಪಿಸಲು ಹೋಗಲಿಲ್ಲ. ನಿಮ್ಮ ತಮ್ಮ ದುಡ್ಡು ಕೊಟ್ಟು ಕೊಂಡ ಐದು ಡಿಸ್ಕು ನಿಮ್ಮ ಭಾಮೈದ ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆಯಲ್ಲಿ ನಡೆಯಲಿ ಎನ್ನುವುದಷ್ಟೇ ಉದ್ದೇಶ. ಆರನೇ ಡಿಸ್ಕು ಬಂದರೆ ಅದರ ರಸೀದಿಯೂ ಬರಬೇಕು ಎಂದೆ. ಅವರು ಬೆಲ್ಟನ್ನು ನಿಲ್ಲಿಸಿ, ಕೈಯ ಹಿಟ್ಟು ಕೊಡವಿಕೊಂಡು, ಬಹಳ ಹೊತ್ತು ಯೋಚಿಸಿದರು. 'ಆ ಬರೆದಿಡೋದು ಅಂದ್ರಲ್ಲ, ಅದನ್ನ ಬರೀರಿ ಮೇಷ್ಟ್ರೇ. ನಾನೂ ರುಜು ಹಾಕ್ತೀನಿ' ಎಂದರು. ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ, ಒಡೆದ ಪಿಪೆಟ್ಟುಗಳ ಲೆಕ್ಕದ ಕೆಳಗೆ, ಹುಡುಗನ ಹೆಸರು, ವಿಳಾಸ, ಐದು ಡಿಸ್ಕುಗಳ ಹೆಸರು ಮತ್ತು ತಂದೆಯ ರುಜು ಇವೆ.

ಆಮೇಲೆ ಶುರುವಾದದ್ದು ನಿಜವಾದ ಪಾಠ. ನಾನು ಬೆಸುಗೆ ಕಲಿತದ್ದು ಕಾಲೇಜಿನಲ್ಲಲ್ಲ, ಬಿ.ಎಸ್ಸಿ. ಓದುವಾಗ ರಜೆಯಲ್ಲಿ ಊರಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಅಲ್ಲಿನ ಹಿರಿಯರು ಹೇಳುತ್ತಿದ್ದ ಮಾತನ್ನೇ ಹುಡುಗನಿಗೂ ಹೇಳಿದೆ: 'ಕಡ್ಡಿಗೆ ತಂತಿ ಒತ್ತಿ ಕರಗಿಸ್ಬೇಡ. ಕೂಡಬೇಕಾದ ಜಾಗ ಕಾಯಲಿ, ಆ ಕಾವಿಗೆ ಅದೇ ಕರಗಿ ಹರೀಲಿ.' ಬೆಸುಗೆ ತಂತಿಯಲ್ಲಿ 63 ಪಾಲು ತವರ, 37 ಪಾಲು ಸೀಸ ಇದ್ದರೆ ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ, ಒಮ್ಮೆಗೇ ಗಟ್ಟಿಯಾಗುತ್ತದೆ. ನಡುವೆ ಅಂಬಲಿಯಂಥ ಸ್ಥಿತಿಯೇ ಇಲ್ಲ. ಶುದ್ಧ ತವರ ಕರಗಲು 232, ಶುದ್ಧ ಸೀಸಕ್ಕೆ 327 ಡಿಗ್ರಿ ಬೇಕು. ಎರಡೂ ಬೆರೆತರೆ ಎರಡಕ್ಕಿಂತಲೂ ಕಡಿಮೆ ಸಾಕು. ಇದನ್ನು ನಾನು ಕರಿಹಲಗೆಯ ಮೇಲೆ ಎಷ್ಟೋ ವರ್ಷ ಹೇಳಿದ್ದೇನೆ. ಕಡ್ಡಿ ಹಿಡಿದು ಕಂಡವರು ಮರೆಯುವುದಿಲ್ಲ.

ತಾಯಂದಿರಿಗೆ ಒಂದು ಮಾತು. ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದಲ್ಲ, ತಂತಿಯೊಳಗಿನ ರಾಳದ್ದು. ಆ ಕಾವಿಗೆ ಸೀಸ ಆವಿಯಾಗುವುದಿಲ್ಲ. ಹಾಗೆಂದು ರಾಳದ ಹೊಗೆಯೂ ಎದೆಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಬೇಕು. ಸೀಸ ದೇಹ ಸೇರುವುದು ಬೆರಳಿನ ಮೂಲಕ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಕ್ಕುಲಿ ಡಬ್ಬಿಗೆ ಕೈ ಹಾಕಲು ಬಿಡಬೇಡಿ.

ಒಂದು ತಿಂಗಳು ಅವನು ಹಾಳಾದ ರೇಡಿಯೊ ಹಲಗೆಗಳ ಮೇಲೆ ಬೆಸುಗೆ ಹಾಕಿದ, ಕಿತ್ತ, ಮತ್ತೆ ಹಾಕಿದ. ಮೊದಲ ವಾರದ ಬೆಸುಗೆಗಳು ಹುಣಸೆ ಬೀಜದ ಹಾಗಿದ್ದವು. ಮೂರನೇ ವಾರಕ್ಕೆ ಹೊಳೆಯುವ, ಅಂಚು ಇಳಿಜಾರಾದ ಪುಟ್ಟ ಗೋಪುರಗಳು ಬರತೊಡಗಿದವು. ಚಿಪ್ಪನ್ನು ಕೊಳ್ಳುವ ಬದಲು ನಾವೇ ಮಾಡೋಣವೆಂದೆ. ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಾಗ ಬಂದ ಆರ್ಡುಯಿನೊ ಹಲಗೆಗಳಿದ್ದವು. ಅದೇ ಎಂಟು ಕಾಲಿನ ಅಟ್ಟಿನಿ 85 ಎಂಬ ಚಿಪ್ಪನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆವು. ಅದಕ್ಕೆ ತುಂಬಬೇಕಾದ ಪ್ರೋಗ್ರಾಮನ್ನು ಆಸಕ್ತರು ಬರೆದು ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದಾರೆ. ಆದರೆ ಪ್ರತಿ ಸಾಲೂ ಅರ್ಥವಾಗದೆ ತುಂಬುವಂತಿಲ್ಲ ಎಂಬುದು ನನ್ನ ಷರತ್ತು. ನಾಲ್ಕನೇ ದಿನ ಹುಡುಗ ಓಡಿಬಂದು, ಸೊನ್ನೆ ಒಂದುಗಳ ಸಾಲಿನಲ್ಲಿ ಬೆರಳಿಟ್ಟು ತೋರಿಸಿದ: 'ಸಾರ್, ಇದೇ ಎ! ಇಲ್ಲಿ ಬದಲಾಯಿಸಿದ್ರೆ ಜಪಾನ್ ಆಗುತ್ತೆ!'

ಪೆಟ್ಟಿಗೆ ಬಿಚ್ಚುವ ದಿನ ನಾನು ಪಕ್ಕದಿಂದ ಕದಲಲಿಲ್ಲ. ಅಮೆರಿಕದ ಪೆಟ್ಟಿಗೆ 120 ವೋಲ್ಟಿನದು. ಮಾವ ತಂದಿದ್ದ ಇಳಿಕೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಕತೆ ಅಲ್ಲಿಗೇ ಮುಗಿಯುತ್ತದೆ. ಒಳಗಿನ ವಿದ್ಯುತ್ ಹಲಗೆಯ ದೊಡ್ಡ ಕೆಪಾಸಿಟರಿನಲ್ಲಿ, 120ನ್ನು ಎರಡರ ವರ್ಗಮೂಲದಿಂದ ಗುಣಿಸಿದರೆ ಬರುವ ಸುಮಾರು 170 ವೋಲ್ಟ್, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೂತಿರಬಲ್ಲುದು. ಮಲ್ಟಿಮೀಟರ್ ಸೊನ್ನೆಗೆ ಇಳಿಯುವವರೆಗೆ ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದೆ. ಇಂಥ ಕೆಲಸವನ್ನು ಮಕ್ಕಳು ಒಬ್ಬರೇ ಮಾಡಕೂಡದು. ಇದರಲ್ಲಿ ನನಗೆ ರಾಜಿಯಿಲ್ಲ.

ಬೆಸುಗೆ ಬೀಳಬೇಕಾದ ಜಾಗಗಳು ರಾಗಿ ಕಾಳಿಗಿಂತ ಚಿಕ್ಕವು. ಐವತ್ತು ದಾಟಿದ ನನ್ನ ಕಣ್ಣಿಗೆ ಅವು ಬರೀ ಮಸುಕು. ಜೀವಶಾಸ್ತ್ರದ ಭೂತಗನ್ನಡಿ ಹಿಡಿದು ಬೆಳಕು ತೋರುವುದು ನನ್ನ ಪಾಲಿನ ಕೆಲಸವಾಯಿತು. ಹುಡುಗ ಉಸಿರು ಬಿಗಿಹಿಡಿದು ಒಂದೊಂದೇ ತಂತಿ ಕೂಡಿಸಿದ. ಅಪ್ಪ ಏಕತಾರಿ ಶ್ರುತಿ ಮಾಡುವಾಗಲೂ ಮುಖ ಹೀಗೆಯೇ ಇರುತ್ತದೆಂದು ಅಂದು ನನಗೆ ಹೊಳೆಯಿತು.

ಆ ಭಾನುವಾರ ಅವರ ಮನೆಯ ನಡುಮನೆಯಲ್ಲಿ ಕಾರ್ ಓಟದ ಆಟ 'ಗ್ರಾನ್ ಟುರಿಸ್ಮೊ'ದ ಡಿಸ್ಕು ಹಾಕಿದೆವು. ಬಿಳಿ ಪರದೆ, ಕಿತ್ತಳೆ ಬಣ್ಣದ ವಜ್ರಾಕೃತಿಯ ಚಿಹ್ನೆ, ಗಂಭೀರವಾದ ಆ ಸದ್ದು. ಹಿಂದಿನ ಬೈಗುಳದ ಸಾಲು ಬರಲಿಲ್ಲ. ಆಟ ಶುರುವಾಯಿತು! ಹುಡುಗನ ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದೇ ಬಂದರು. ಆದರೆ ಕಾರುಗಳು ಓಡತೊಡಗಿದ್ದು ಕಪ್ಪು ಬಿಳುಪಿನಲ್ಲಿ.

'ಏನು ಮೇಷ್ಟ್ರೇ, ಸತ್ಯ ಹರಿಶ್ಚಂದ್ರ ಪಿಕ್ಚರ್ ನೋಡ್ದಂಗೈತೆ' ಎಂದರು ತಂದೆ. ಆ ಪೆಟ್ಟಿಗೆಯ ಮುಂದೆ ಅವರು ನಕ್ಕದ್ದು ಅದೇ ಮೊದಲು.

ಬೀಗ ತೆಗೆದರೂ ಸರಹದ್ದು ಪೂರ್ತಿ ಅಳಿಸಿರಲಿಲ್ಲ. ಅಮೆರಿಕದ ಟಿ.ವಿ. ಪದ್ಧತಿಯಲ್ಲಿ ಬಣ್ಣದ ಸಂಕೇತ 3.58 ಮೆಗಾಹರ್ಟ್ಸ್ ಆವರ್ತಾಂಕದ ಅಲೆಯ ಮೇಲೆ ಬರುತ್ತದೆ. ಯೂರೋಪಿನ ಮತ್ತು ನಮ್ಮ ಪಾಲ್ ಪದ್ಧತಿಯಲ್ಲಿ 4.43ರ ಮೇಲೆ. ದುಬೈ ಡಿಸ್ಕು ಪಾಲ್ ಚಿತ್ರ ಕೇಳುತ್ತದೆ. ಅಮೆರಿಕದ ಪೆಟ್ಟಿಗೆ ತನ್ನಲ್ಲಿರುವ ಹರಳಿನ ಲೆಕ್ಕದಿಂದಲೇ ಅದನ್ನು ಹೊಂದಿಸಲು ಹೋಗಿ 4.43ರ ಹತ್ತಿರದ ಇನ್ಯಾವುದೋ ಅಂಕಿಗೆ ತಲಪುತ್ತದೆ. ಟಿ.ವಿ. ಆ ಬಣ್ಣವನ್ನು ಗುರುತಿಸದೆ, ಬೆಳಕು ನೆರಳನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ಇದನ್ನು ವಿವರಿಸಿ ಮುಗಿಸುವ ಮೊದಲೇ ಹುಡುಗ ಕೇಳಿದ, 'ಹಾಗಾದ್ರೆ 4.43ರ ಹರಳು ಬೇರೆ ತಂದು ಹಾಕಿದ್ರೆ ಸಾರ್?' ಹಾಗೆ ಹಾಕುವುದುಂಟು ಎಂದೆ. ಇಲ್ಲಿನ ಹಳೆಯ ಕಲರ್ ಟಿ.ವಿ.ಗಳಲ್ಲಿ ಆ ಹರಳು ಇರುತ್ತಿತ್ತು ಎಂದೂ ಬಾಯಿ ತಪ್ಪದೆ ಹೇಳಿದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಅವನು ಬಸ್ ಸ್ಟ್ಯಾಂಡ್ ಹಿಂದಿನ ಟಿ.ವಿ. ರಿಪೇರಿ ಅಂಗಡಿಗೆ ಹೋಗಿ, ನಾಲ್ಕು ಪಾಯಿಂಟ್ ನಾಲ್ಕು ಮೂರರ ಕ್ರಿಸ್ಟಲ್ ಇದೆಯಾ ಎಂದು ಕೇಳಿದನಂತೆ. ಅಂಗಡಿಯವರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಕುರ್ಚಿಯ ಅಡಿಯಿಂದ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ ಎಳೆದು ಮುಂದಿಟ್ಟರು. ಅದರಲ್ಲಿ ಹನ್ನೊಂದಿದ್ದವು.